ಟೇಲರಮ್ಮನ ಕಣ್ಣಳತೆ

ಆ ಗಲ್ಲಿಯಲ್ಲಿ ಅವಳ ಹೆಸರು ಯಾರಿಗೂ ಬೇಕಿರಲಿಲ್ಲ. ಟೇಲರಮ್ಮ ಎಂದರೆ ಸಾಕಿತ್ತು. ಹೊಲಿಗೆ ಬಿಟ್ಟು ಎಷ್ಟೋ ಕಾಲವಾಗಿತ್ತು, ಮಿಷನ್ನಿನ ಜಾಗದಲ್ಲಿ ಅಕ್ಕನ ಮಂಚ ಬಂದು ಕೂತಿತ್ತು, ಆದರೂ ಹರಿದ ಅಂಗಿ ಹಿಡಿದುಕೊಂಡು ಬಾಗಿಲಿಗೆ ಬರುವವರು ನಿಂತಿರಲಿಲ್ಲ. "ನಾನೀಗ ಹೊಲಿಯೋದು ಬಟ್ಟೆ ಅಲ್ಲ ಕಣ್ರೀ, ಚಿತ್ರ" ಎಂದರೆ, "ಅದಕ್ಕೂ ದಾರ ಬೇಕೇ ಬೇಕಲ್ಲ, ಹಾಗೇ ಇದಕ್ಕೊಂದು ಗುಂಡಿ ಹಾಕಿಬಿಡು" ಎನ್ನುತ್ತಿದ್ದರು. ಅವಳು ಬೈದುಕೊಂಡೇ ಗುಂಡಿ ಹಾಕಿಕೊಡುತ್ತಿದ್ದಳು.

ಅವಳ ಹೆಮ್ಮೆಯೆಲ್ಲ ಕಣ್ಣಿನಲ್ಲಿತ್ತು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತಿದ್ದ ಕಾಲದಲ್ಲಿ ಅವಳ ಕೊರಳಿನ ಟೇಪು ಬರೀ ತೋರಿಕೆಗೆ. ಮನುಷ್ಯ ಬಾಗಿಲಲ್ಲಿ ಕಂಡರೆ ಭುಜವೆಷ್ಟು, ತೋಳೆಷ್ಟು, ಹೊಟ್ಟೆಯನ್ನು ಎಷ್ಟು ಒಳಗೆಳೆದುಕೊಂಡು ನಿಂತಿದ್ದಾನೆ ಎಂಬುದನ್ನೂ ಹೇಳುತ್ತಿದ್ದಳು. ಸೂಪರ್‌ವೈಸರ್ ಪಂಥ ಕಟ್ಟಿ ಟೇಪು ಹಿಡಿದು ನೋಡಿ ಪ್ರತಿ ಸಲ ಮುಖ ಸಪ್ಪೆ ಮಾಡಿಕೊಳ್ಳುತ್ತಿದ್ದ. "ಅಳತೆ ಕಣ್ಣಲ್ಲಿರ್ಬೇಕು ಸಾರ್, ಟೇಪಲ್ಲಿ ಇದ್ರೆ ಅದು ಕಲಿಯೋರ ಕೆಲಸ" ಎನ್ನುವಳು.

ಮೂತ್ರಕ್ಕೆ ಹೋಗಬೇಕಾದರೂ ಚೀಟಿ ತೆಗೆದುಕೊಳ್ಳಬೇಕು ಎಂದು ಕಾರ್ಖಾನೆಯವರು ನಿಯಮ ತಂದಾಗ ಹೆಂಗಸರು ಗೇಟಿನ ಮುಂದೆ ಕೂತರು. ಮೈಕು ಎಂಬ ಅಡ್ಡಹೆಸರಿನ ಯೂನಿಯನ್ನಿನವನು ಗಂಟಲು ಹರಿಯುವ ಹಾಗೆ ಕೂಗಿದ. ಮಳೆ ಬಂತು, ಪೊಲೀಸರು ಬಂದರು, ಕೊನೆಗೆ ಬೇರೆ ಕಡೆಯಿಂದ ಹೊಸ ಹೆಂಗಸರು ಬಸ್ಸಿನಲ್ಲಿ ಬಂದು ಒಳಗೆ ಹೋದರು. ಗೇಟಿನ ಹೊರಗೆ ಕೂತವರು ಹೊರಗೇ ಉಳಿದರು. ಆ ಹೋರಾಟ ಸೋತಿತೆಂದು ಮೈಕು ಇವತ್ತಿಗೂ ಒಪ್ಪುವುದಿಲ್ಲ. ಟೇಲರಮ್ಮ ಆ ಬಸ್ಸು ಕಂಡಾಗಲೇ ಒಪ್ಪಿದ್ದಳು.

ಆಮೇಲೆ ಹೊಟ್ಟೆಪಾಡಿಗೆ ಸಿಕ್ಕಿದ್ದು ಒಂದು ವಿಡಿಯೊ ಕಚೇರಿ. ಹಳೇ ಕಟ್ಟಡದ ನೆಲಮಾಳಿಗೆ, ಕಿಟಕಿಯಿಲ್ಲದ ಎರಡು ಕೋಣೆ, ಮೂಲೆಯಲ್ಲಿ ಸದಾ ತೊಟ್ಟಿಕ್ಕುವ ಏಸಿ, ಅದರ ಕೆಳಗೊಂದು ಬಕೆಟ್ಟು. ಅಲ್ಲಿ ತೆಗೆಯುತ್ತಿದ್ದುದು ಮುಖಕ್ಕೆ ಹೆಡ್‌ಸೆಟ್ ಕಟ್ಟಿಕೊಂಡು ನೋಡುವ ವಿಡಿಯೊ. ಗಿರಾಕಿಗಳೆಲ್ಲ ಮನೆ ಕಟ್ಟಿ ಮಾರುವವರು. ಕೊಳ್ಳುವವನು ಅವರ ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂತು ಹೆಡ್‌ಸೆಟ್ ಹಾಕಿಕೊಂಡರೆ ಫ್ಲಾಟಿನ ನಡುಮನೆಯಲ್ಲೇ ನಿಂತ ಹಾಗಿರುತ್ತಿತ್ತು. ಟೇಲರಮ್ಮ ಅಲ್ಲಿಗೆ ಸೇರಿದ್ದು ಆ ಹೆಡ್‌ಸೆಟ್‌ಗಳ ಬೆವರು ಒರೆಸುವುದಕ್ಕೆ. ಒರೆಸುತ್ತ ಒರೆಸುತ್ತ ನೋಡಿದಳು, ನೋಡುತ್ತ ನೋಡುತ್ತ ಕಲಿತಳು.

ಕಲಿಸಿದವನು ಮಾಲೀಕನೇ. ಒಳ್ಳೆಯ ಮನುಷ್ಯ, ಸಂಬಳ ತಡೆದವನಲ್ಲ, ಬಾಯಿ ತುಂಬ ನಗು. ಮೊದಲ ಪಾಠಕ್ಕೆ ಅವಳ ಹೆಬ್ಬೆರಳನ್ನು ಅವಳ ಮೂಗಿನ ಮುಂದೆ ಹಿಡಿಸಿದ.

"ಎಡಗಣ್ಣು ಮುಚ್ಚು. ಈಗ ಬಲಗಣ್ಣು ಮುಚ್ಚು. ಬೆರಳು ಜಿಗೀತಾ?"

"ಜಿಗೀತು ಸಾರ್."

"ಎರಡು ಕಣ್ಣಿಗೂ ಬೇರೆ ಬೇರೆ ಕಾಣತ್ತೆ. ಎರಡನ್ನೂ ಸೇರಿಸಿ ಇದು ಹತ್ತಿರ, ಅದು ದೂರ ಅಂತ ಲೆಕ್ಕ ಹಾಕೋದು ಮಿದುಳು. ಅದಕ್ಕೇ ನಮ್ಮ ಕ್ಯಾಮೆರಾಗೂ ಎರಡು ಲೆನ್ಸು. ಎಡಗಡೇದು ಎಡಗಣ್ಣಿಗೆ, ಬಲಗಡೇದು ಬಲಗಣ್ಣಿಗೆ. ಅದಲು ಬದಲಾದ್ರೆ ಮೂಗು ಮುಖದ ಒಳಗೆ ಹೋಗತ್ತೆ. ಒಂದು ಕೂದಲೆಳೆಯಷ್ಟು ಮೇಲೆ ಕೆಳಗೆ ಆದ್ರೆ ನೋಡಿದೋನು ವಾಂತಿ ಮಾಡ್ಕೋತಾನೆ."

ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವುದು, ಬಣ್ಣ ಸರಿದೂಗಿಸುವುದು, ಅಂಚಿಗೆ ಅಂಚು ಸೇರಿಸುವುದು ಅವಳ ಪಾಲಿಗೆ ಬಂತು. ಬಟ್ಟೆಯ ಗೆರೆಗೆ ಗೆರೆ ಕೂಡಿಸಿ ಹೊಲಿದವಳಿಗೆ ಅದೇನು ಕಷ್ಟ. ಆಮೇಲೆ ಕ್ಯಾಮೆರಾ ಹಿಡಿಯುವುದೂ ಅವಳಿಗೇ ಬಂತು. ಆಗ ಮಾಲೀಕ ಅಂಗಡಿಯ ಗುಟ್ಟನ್ನು ಹೇಳಿಕೊಟ್ಟ. ಕ್ಯಾಮೆರಾದ ಎರಡು ಲೆನ್ಸುಗಳು ಒಂದು ಲೋಹದ ಪಟ್ಟಿಯ ಮೇಲೆ ಆಚೆ ಈಚೆ ಸರಿಯುತ್ತಿದ್ದವು. ಒಂದು ಸ್ಕ್ರೂ ಬಿಗಿದರೆ ನಿಂತಲ್ಲಿ ನಿಲ್ಲುತ್ತಿದ್ದವು.

"ಮನುಷ್ಯನ ಎರಡು ಕಣ್ಣಿನ ನಡುವೆ ಎಷ್ಟು ಜಾಗ ಇದೆಯೋ ಲೆನ್ಸಿನ ನಡುವೆನೂ ಅಷ್ಟೇ ಇಟ್ರೆ, ಕೋಣೆ ಇದ್ದ ಹಾಗೇ ಕಾಣತ್ತೆ. ಇದ್ದ ಹಾಗೆ ಕಂಡ್ರೆ ಯಾವನು ಕೊಳ್ತಾನೆ? ಲೆನ್ಸು ಹತ್ತಿರ ತರ್ಬೇಕು. ಆಗ ನೋಡೋನದ್ದು ಇಲಿಕಣ್ಣಾಗತ್ತೆ. ಇಲಿಗೆ ಬಚ್ಚಲುಮನೆನೂ ಅರಮನೆ."

"ದೂರ ಸರಿಸಿದ್ರೆ?"

"ಆನೆಕಣ್ಣು. ಆನೆಗೆ ಅರಮನೆನೂ ಬೊಂಬೆಮನೆ. ಆನೆಗೆ ನಾವು ಮನೆ ಮಾರಲ್ಲ."

ಇಬ್ಬರೂ ನಕ್ಕಿದ್ದರು. ಅಲ್ಲಿಂದ ಮುಂದೆ ಟೇಲರಮ್ಮ ಇಲಿಕಣ್ಣಿನಲ್ಲಿ ಊರೆಲ್ಲ ಮನೆ ತೋರಿಸಿದಳು. ಮಂಚ ಹಾಕಿದರೆ ಬಾಗಿಲು ತೆರೆಯದ ಕೋಣೆಗಳು ಅವಳ ಕೈಯಲ್ಲಿ ಸಭಾಂಗಣಗಳಾದವು. ಕೊಳ್ಳುವವರು ಹೆಡ್‌ಸೆಟ್ ತೆಗೆದು, "ಅಬ್ಬ, ಎಷ್ಟು ಗಾಳಿ, ಎಷ್ಟು ಬೆಳಕು!" ಎನ್ನುತ್ತಿದ್ದರು. ನೆಲಮಾಳಿಗೆಯಲ್ಲಿ ಬೆಳಗಿನಿಂದ ಸಂಜೆಯತನಕ ಅದನ್ನೇ ನೋಡುವುದು, ಅದನ್ನೇ ಹೊಲಿಯುವುದು. ಸಂಜೆ ತನ್ನ ಗಲ್ಲಿಗೆ ಬಂದರೆ ಎರಡೂ ಭುಜಕ್ಕೆ ಗೋಡೆ ತಾಗುತ್ತಿತ್ತು.

ಆ ಗೋಡೆಯದ್ದೇ ಕತೆ. ಗಲ್ಲಿಯ ಒಂದು ಬದಿಗೆ ಮನೆಗಳು, ಇನ್ನೊಂದು ಬದಿಗೆ ಸರಕು ಸಾಗಿಸುವ ಕಂಪನಿಯ ಗೋದಾಮು. ಹಿಂದೆ ತಂತಿ ಬೇಲಿಯಿತ್ತು, ಆಟೋ ಮನೆಬಾಗಿಲಿಗೇ ಬರುತ್ತಿತ್ತು. ಕಂಪನಿಯವರು ಬೇಲಿ ಕಿತ್ತು ಗೋಡೆ ಎಬ್ಬಿಸಿದರು, ಎಬ್ಬಿಸುವಾಗ ಅರ್ಧ ಗಲ್ಲಿಯನ್ನು ನುಂಗಿಕೊಂಡರು. ಹೊರಮೈಗೆ ಗಾರೆ ಬಳಿಯುವಷ್ಟು ದೊಡ್ಡ ಮನಸ್ಸೂ ಮಾಡಲಿಲ್ಲ. ಸಿಮೆಂಟಿನ ಹಕ್ಕಳೆಯೆಲ್ಲ ಹಾಗೇ ಚಾಚಿಕೊಂಡಿತ್ತು. ನಡುವೆ ಗಲ್ಲಿ ತಿರುಗುವ ಕಡೆ ಇಬ್ಬರು ಎದುರಾದರೆ ಒಬ್ಬರು ಯಾರದಾದರೂ ಮನೆಯೊಳಗೆ ಹೊಕ್ಕು ದಾರಿ ಬಿಡಬೇಕು.

ಟೇಲರಮ್ಮನ ಅಕ್ಕನಿಗೆ ಮೂತ್ರಪಿಂಡ ಕೈಕೊಟ್ಟಿತ್ತು. ವಾರದಲ್ಲಿ ಹಲವು ಸಲ ಆಸ್ಪತ್ರೆಗೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ಕಾಲು ಕಂಬದ ಹಾಗೆ ಊದಿ ನೆಲಕ್ಕೆ ಊರಲಾಗುತ್ತಿರಲಿಲ್ಲ. ಆಂಬುಲೆನ್ಸು ಗಲ್ಲಿಯ ಬಾಯಲ್ಲಿ ನಿಲ್ಲುತ್ತಿತ್ತು, ಅದರ ಸ್ಟ್ರೆಚರ್ ತಿರುವಿನಲ್ಲಿ ತಿರುಗುತ್ತಿರಲಿಲ್ಲ. ಅದಕ್ಕೇ ಪ್ಲಾಸ್ಟಿಕ್ ಕುರ್ಚಿ. ಅಕ್ಕನನ್ನು ಅದರಲ್ಲಿ ಕೂರಿಸಿ, ಮುಂದೆ ಇಸ್ತ್ರಿ ಅಂಗಡಿಯವನು, ಹಿಂದೆ ಅವನ ಭಾವಮೈದುನ, ಎತ್ತಿಕೊಂಡು ಹೋಗುವುದು. ತಿರುವಿನಲ್ಲಿ ಕುರ್ಚಿಯನ್ನು ಓರೆ ಮಾಡುವಾಗ ಅಕ್ಕನ ಬೆರಳ ಗೆಣ್ಣುಗಳು ಒರಟು ಸಿಮೆಂಟಿಗೆ ಉಜ್ಜಿ ಚರ್ಮ ಏಳುತ್ತಿತ್ತು. ಅವಳ ರೋಗಕ್ಕೆ ಗಾಯ ಬೇಗ ಮಾಯುವುದೂ ಇಲ್ಲ. ಕೊನೆಗೆ ಅಕ್ಕ ಎರಡೂ ಕೈಗೆ ದಪ್ಪ ಕಾಲುಚೀಲ ಹಾಕಿಕೊಳ್ಳಲು ಶುರುಮಾಡಿದಳು.

"ಬನ್ರೋ, ಕುಸ್ತಿಗೆ ರೆಡಿ" ಎಂದು ಕಾಲುಚೀಲದ ಮುಷ್ಟಿ ತೋರಿಸುವಳು.

"ಅಕ್ಕಾ, ನೀವು ಸ್ವಲ್ಪ ತೂಕ ಇಳಿಸಿದ್ರೆ ಗೋಡೇನೂ ಹಿಂದೆ ಸರಿಯತ್ತೆ" ಎನ್ನುವನು ಇಸ್ತ್ರಿಯವನು, ಏದುಸಿರು ಬಿಡುತ್ತ.

"ನಿನ್ನ ಹೊಟ್ಟೆ ಮೊದಲು ಮುಂದೆ ಹೋಗತ್ತಲ್ಲೋ, ಅದನ್ನ ಇಳಿಸು. ನಾನು ಹಿಂದೆ ಬರೋಳು."

ಇಸ್ತ್ರಿಯವನ ಭುಜ ಆಗಲೇ ಸೋಲುತ್ತಿತ್ತು. ಅವನ ಭುಜ ಬಿದ್ದುಹೋದರೆ ಅಕ್ಕನ ದಾರಿ ಮುಚ್ಚಿದಂತೆ ಎಂದು ಟೇಲರಮ್ಮನಿಗೆ ಗೊತ್ತಿತ್ತು. ಗೋಡೆ ಹಿಂದಕ್ಕೆ ಹೋಗಬೇಕು, ಆಂಬುಲೆನ್ಸು ಬಾಗಿಲಿಗೆ ಬರಬೇಕು. ಅವಳ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಆಸೆ ಉಳಿದಿರಲಿಲ್ಲ.

ಗಲ್ಲಿಯವರು ಸೇರಿ ಅರ್ಜಿ ಹಾಕಿದರು. ಮೈಕು ಮುಂದೆ ನಿಂತ. ವಿಚಾರಣಾಧಿಕಾರಿ ಒಮ್ಮೆ ಬಂದ, ಕಾರು ಒಳಗೆ ಹೋಗಲಿಲ್ಲ, ಗಲ್ಲಿಯ ಬಾಯಲ್ಲಿ ನಿಂತು ಕತ್ತು ಚಾಚಿ ನೋಡಿ ಹೊರಟುಹೋದ. ಕಂಪನಿಯವರು ಅಗಲವಾಗಿದ್ದ ಕಡೆ ಅಳತೆ ಹಿಡಿದು ಒಂದು ಅಂಕಿ ಕೊಟ್ಟರು, ಗಲ್ಲಿಯವರು ತಿರುವಿನಲ್ಲಿ ಹಿಡಿದು ಇನ್ನೊಂದು ಅಂಕಿ ಕೊಟ್ಟರು. ಫೋಟೊ ಕೊಟ್ಟರೆ ಕಂಪನಿ ವಕೀಲ, "ಫೋಟೊದಲ್ಲಿ ಹೇಗೆ ಬೇಕಾದರೂ ಇಕ್ಕಟ್ಟು ತೋರಿಸಬಹುದು ಸಾರ್" ಎಂದ. ಅಧಿಕಾರಿಗೂ ಅದೇ ಬೇಕಿತ್ತು. ಕಣ್ಣಾರೆ ಕಾಣದೆ ಹೇಗೆ ನಂಬುವುದು ಎಂದು ಮುಂದಕ್ಕೆ ಹಾಕಿದ. ಕಣ್ಣಾರೆ ಕಾಣಲು ಇನ್ನೊಮ್ಮೆ ಬನ್ನಿ ಎಂದರೆ ಪುರುಸೊತ್ತಿಲ್ಲ.

ಆಗ ಟೇಲರಮ್ಮನೇ ಬಾಯಿ ಹಾಕಿದಳು. "ಅವರು ಬರದಿದ್ರೆ ಬೇಡ. ಗಲ್ಲೀನೇ ಅವರ ಮೇಜಿಗೆ ತಗೊಂಡು ಹೋಗೋಣ. ಎರಡು ಕಣ್ಣಿಂದ ನೋಡೋ ವಿಡಿಯೊ. ತಿರುವಲ್ಲಿ ನಿಲ್ಲಿಸಿಬಿಡ್ತೀನಿ, ಉಸಿರು ಕಟ್ಟಲಿ."

ಮೈಕು ಮೇಜು ಕುಟ್ಟಿದ. "ಭೇಷ್! ಫೋಟೊ ಸುಳ್ಳು ಹೇಳತ್ತೆ. ಎರಡು ಕಣ್ಣು ಸುಳ್ಳು ಹೇಳತ್ತಾ?"

ಮಾಲೀಕನನ್ನು ಕೇಳಿದಳು. ಅವನು ಒಂದು ಮಾತು ತಕರಾರು ಮಾಡಲಿಲ್ಲ. "ರಜೆ ದಿನ ತಗೊಂಡು ಹೋಗು. ಸ್ಕ್ರೂ ಮುಟ್ಟಿದ್ರೆ ತಿರುಗಿ ಇದ್ದ ಹಾಗೇ ಇಟ್ಟುಬಿಡು, ಅಷ್ಟೆ."

ಸ್ಕ್ರೂ ಮುಟ್ಟಲೇಬೇಕಿತ್ತು. ಇಲಿಕಣ್ಣಿನಲ್ಲಿ ಗಲ್ಲಿ ತೋರಿಸಲಾಗದು ಎಂಬಷ್ಟು ಅವಳಿಗೆ ಗೊತ್ತಿರದೆ ಏನು. ಆದರೆ ಪಟ್ಟಿಯ ಮೇಲಿನ ಗುರುತುಗಳು ಉಜ್ಜಿ ಉಜ್ಜಿ ಅಳಿಸಿಹೋಗಿದ್ದವು. ಅವಳು ಕಚೇರಿಯ ಹೊರಗಿನ ಓಣಿಯಂಥ ಜಾಗದಲ್ಲಿ ಕ್ಯಾಮೆರಾ ನಿಲ್ಲಿಸಿದಳು. ಸ್ವಲ್ಪ ತೆಗೆಯುವುದು, ಒಳಗೆ ಹೋಗಿ ಹೆಡ್‌ಸೆಟ್‌ನಲ್ಲಿ ನೋಡುವುದು, ಲೆನ್ಸು ಒಂದಿಷ್ಟು ಸರಿಸುವುದು, ಮತ್ತೆ ತೆಗೆಯುವುದು. ಹೀಗೆ ಸರಿಸುತ್ತ ಸರಿಸುತ್ತ ಒಂದು ಕಡೆ ಆ ಜಾಗ ಅವಳ ಕಣ್ಣಿಗೆ ಹಿಂಡಿದ ಹಾಗೆ ಕಂಡಿತು. ಗೋಡೆಗಳು ಮೈಮೇಲೆ ಬರುವಂತೆ, ಚಾವಣಿ ತಲೆಗೆ ಬಡಿಯುವಂತೆ. ಇದು ಅತಿಯಾಯಿತು ಎಂದುಕೊಂಡಳು. ಇಕ್ಕಟ್ಟನ್ನು ಬೇಕೆಂದೇ ಹಿಗ್ಗಿಸಿದರೆ ಆ ವಕೀಲ ಹಿಡಿದುಬಿಡುತ್ತಾನೆ. ನಮ್ಮದು ನಿಜದ ಪಕ್ಷ, ನಮಗೆ ಉತ್ಪ್ರೇಕ್ಷೆ ಯಾಕೆ ಎಂದು ಲೆನ್ಸುಗಳನ್ನು ಮತ್ತೆ ಹತ್ತಿರ ತಂದಳು. ಒಂದು ಕಡೆ ಎಲ್ಲವೂ ಕಣ್ಣಿಗೆ ಹದವಾಗಿ ಕೂತಿತು. ಅಲ್ಲಿ ಸ್ಕ್ರೂ ಬಿಗಿದಳು. ಟೇಪು ಮನೆಯ ಗೂಡಿನಲ್ಲಿತ್ತು. ಅದರ ನೆನಪು ಬರಲಿಲ್ಲ. ಬಂದಿದ್ದರೂ ಹಿಡಿಯುತ್ತಿರಲಿಲ್ಲ.

ರಜೆ ದಿನ ಬೆಳಕು ಚೆನ್ನಾಗಿತ್ತು. ಮಕ್ಕಳನ್ನೆಲ್ಲ ಓಡಿಸಿ, ತಿರುವಿನಲ್ಲಿ ಕ್ಯಾಮೆರಾ ನಿಲ್ಲಿಸಿ, ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಹೊರಡಿಸಿದಳು. ಇಸ್ತ್ರಿಯವನು ಒಗೆದ ಅಂಗಿ ಹಾಕಿಕೊಂಡು ಬಂದಿದ್ದ.

"ಕ್ಯಾಮೆರಾ ನೋಡಬೇಡ್ವೋ, ನೀನೇನು ಮದುಮಗನಾ" ಎಂದಳು ಟೇಲರಮ್ಮ.

"ನನ್ನ ನೋಡಿದ್ರೆ ಯಾರಾದ್ರೂ ಮದುಮಗ ಅಂತಾರಾ? ಹೊತ್ಕೊಂಡು ಹೋಗ್ತಿರೋದು ಬೇರೆ ನಿಮ್ಮಕ್ಕನ್ನ."

ಅಕ್ಕ ಕುರ್ಚಿಯ ಮೇಲಿಂದಲೇ ಕಾಲುಚೀಲದ ಕೈಯಲ್ಲಿ ಅವನ ನೆತ್ತಿಗೆ ಮೊಟಕಿದಳು. ತಿರುವಿನಲ್ಲಿ ಕುರ್ಚಿ ಓರೆಯಾಯಿತು, ಸಿಮೆಂಟಿಗೆ ಕೈ ಉಜ್ಜಿತು, ಅಕ್ಕ ಹಲ್ಲು ಕಚ್ಚಿದಳು. ಎಲ್ಲವೂ ಚಿತ್ರಕ್ಕೆ ಬಂತು.

ಚಿತ್ರ ಹೊಲಿದು ಮುಗಿಸಿ ಹೆಡ್‌ಸೆಟ್ ಮನೆಗೆ ತಂದು ಮೊದಲು ಅಕ್ಕನಿಗೇ ಹಾಕಿದಳು. ಅಕ್ಕ ಮಂಚದ ಮೇಲೆ ಕೂತು ಕತ್ತು ಆಚೆ ಈಚೆ ತಿರುಗಿಸಿದಳು. ಊದಿದ ಮುಖದಲ್ಲಿ ನಗು ಹರಡಿತು.

"ಅಯ್ಯೋ ಇವಳೇ, ನಮ್ಮ ಗಲ್ಲಿ ಎಷ್ಟು ಚೆಂದ ಕಾಣ್ತಿದೆಯೇ! ಬೇಲಿ ಇದ್ದ ಕಾಲದಲ್ಲಿ ಹೀಗೇ ಇತ್ತಲ್ಲ. ಎದ್ದು ಕೈ ಬೀಸ್ಕೊಂಡು ನಡೆದುಬಿಡೋಣ ಅನ್ನಿಸತ್ತೆ."

ಮಂಚದ ಮೇಲೆ ಬಿದ್ದುಕೊಂಡವಳಿಗೆ ಹೊರಗಿನದೆಲ್ಲ ದೊಡ್ಡದಾಗಿಯೇ ಕಾಣಬೇಕು ಎಂದುಕೊಂಡಳು ಟೇಲರಮ್ಮ. ತಾನೂ ಹಾಕಿಕೊಂಡು ನೋಡಿದಳು. ಇದ್ದ ಹಾಗೇ ಇತ್ತು. ಅವಳ ಕಣ್ಣಿಗೆ ಎಳ್ಳಷ್ಟೂ ಸುಳ್ಳು ಕಾಣಲಿಲ್ಲ.

ವಿಚಾರಣೆಯ ದಿನ ಮೈಕು ಎಣ್ಣೆ ಹಾಕಿ ತಲೆ ಬಾಚಿಕೊಂಡು ಬಂದಿದ್ದ. ಅಧಿಕಾರಿಯ ಕೋಣೆಯಲ್ಲಿ ಕಡತಗಳ ನಡುವೆ ಮನುಷ್ಯರಿಗೆ ಸ್ವಲ್ಪ ಜಾಗ ಬಿಟ್ಟಿದ್ದರು. ಟೇಲರಮ್ಮ ಹೆಡ್‌ಸೆಟ್‌ನ ಸ್ಪಂಜನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಅಧಿಕಾರಿಯ ಕನ್ನಡಕ ತೆಗೆಸಿ, ಪಟ್ಟಿ ಬಿಗಿದು, ಕೆಳಗಿನ ಚಕ್ರ ತಿರುಗಿಸಿ ಅವನ ಕಣ್ಣಿಗೆ ಹೊಂದಿಸಿದಳು.

"ಎರಡೆರಡು ಕಾಣ್ತಿದೆಯಾ ಸಾರ್?"

"ಇಲ್ಲಮ್ಮ, ಒಂದೇ... ಓಹೋ!"

ಮುಖಕ್ಕೆ ಆ ಡಬ್ಬ ಕಟ್ಟಿಕೊಂಡ ಯಾವ ದೊಡ್ಡ ಮನುಷ್ಯನೂ ದೊಡ್ಡ ಮನುಷ್ಯನ ಹಾಗೆ ಕಾಣುವುದಿಲ್ಲ. ಅಧಿಕಾರಿ ಬಾಯಿ ತೆರೆದು ಸುತ್ತ ನೋಡಿದ, ಕೈ ಚಾಚಿ ಇಲ್ಲದ ಗೋಡೆಯನ್ನು ಮುಟ್ಟಲು ಹೋದ, ಕೈ ಮೇಜಿನ ಮೇಲಿನ ನೀರಿನ ಲೋಟಕ್ಕೆ ಬಡಿಯಿತು. ಯಾರೂ ನಗಲಿಲ್ಲ. ಮೈಕು ಟೇಲರಮ್ಮನ ಕಡೆ ನೋಡಿ ಹುಬ್ಬು ಹಾರಿಸಿದ. ಗೆದ್ದೆವು ಎಂದು ಅದರ ಅರ್ಥ.

ಅಧಿಕಾರಿ ಕೊನೆಯತನಕ ನೋಡಿ ಹೆಡ್‌ಸೆಟ್ ಕಳಚಿದ. ಮೂಗಿನ ಮೇಲೆ ಕೆಂಪು ಗೆರೆ ಬಿದ್ದಿತ್ತು.

"ಚೆನ್ನಾಗೇ ಇದೆಯಲ್ಲಮ್ಮ! ಎಷ್ಟು ಗಾಳಿ, ಎಷ್ಟು ಬೆಳಕು!"

ಆ ಮಾತು ಟೇಲರಮ್ಮನಿಗೆ ಹೊಸದಲ್ಲ. ಅದೇ ಮಾತು, ಅದೇ ರಾಗ. ಫ್ಲಾಟು ಕೊಳ್ಳಲು ಬಂದವರ ಬಾಯಲ್ಲಿ ಕೇಳಿ ಕೇಳಿ ಅವಳ ಕಿವಿ ಸವೆದಿತ್ತು. ಹಿಂಡಿದ ಹಾಗೆ ಕಂಡ ಆ ಓಣಿ ನೆನಪಾಯಿತು. ಅತಿಯಾಯಿತು ಎಂದು ತಾನು ಬಿಟ್ಟುಕೊಟ್ಟ ಆ ಅಳತೆಯೇ ಸರಿಯಾದ ಅಳತೆ. ಹದವೆಂದು ನಿಲ್ಲಿಸಿದ್ದು ಇಲಿಕಣ್ಣು. ನೆಲಮಾಳಿಗೆಯಲ್ಲಿ ಕೂತು ಕೂತು ಅವಳ ಕಣ್ಣಿಗೆ ಮಾರುವವನ ಅಳತೆಯೇ ಇದ್ದ ಅಳತೆಯಾಗಿಬಿಟ್ಟಿತ್ತು.

"ಸಾರ್, ಅದು ಹಾಗಲ್ಲ ಸಾರ್" ಎಂದಳು. "ಲೆನ್ಸು ಹತ್ತಿರ ಆಗಿದೆ. ಅದಕ್ಕೇ ಅಗಲ ಕಾಣ್ತಿದೆ. ನಿಜವಾಗಿ ಅಷ್ಟಿಲ್ಲ."

ಕಂಪನಿ ವಕೀಲ ಆಗಲೇ ಹೆಡ್‌ಸೆಟ್ ಮುಖಕ್ಕೆ ಹಿಡಿದುಕೊಂಡಿದ್ದ. ಹಾಗೇ, ಡಬ್ಬದೊಳಗಿಂದಲೇ ಕೇಳಿದ: "ಈ ವಿಡಿಯೊ ತೆಗೆದದ್ದು ಯಾರಮ್ಮ?"

"ನಾನೇ."

"ಕ್ಯಾಮೆರಾ ಹೊಂದಿಸಿದ್ದು?"

"ನಾನೇ. ಆದ್ರೆ..."

"ಹಾಗಾದ್ರೆ ಸುಳ್ಳು ವಿಡಿಯೊ ಅಂತ ಗೊತ್ತಿದ್ದೂ ಸಾಹೇಬರಿಗೆ ತೋರಿಸಿದ್ರಾ? ಇಲ್ಲಾ, ನಿಜ ತೋರಿಸಿ ಈಗ ಸುಳ್ಳು ಅಂತಿದೀರಾ? ಎರಡರಲ್ಲಿ ಒಂದು ಹೇಳಿ."

ಹೇಳಲು ಅವಳಲ್ಲಿ ಮೂರನೆಯದೊಂದಿತ್ತು. ಅದನ್ನು ಆ ಕೋಣೆಯಲ್ಲಿ ಯಾರಿಗೂ ಅರ್ಥವಾಗುವ ಹಾಗೆ ಹೇಳಲು ಬರಲಿಲ್ಲ. ಹೆಬ್ಬೆರಳು ಮೂಗಿನ ಮುಂದೆ ಹಿಡಿದು, "ಒಂದು ಕಣ್ಣು ಮುಚ್ಚಿ ನೋಡಿ ಸಾರ್" ಎಂದು ಶುರುಮಾಡಿದಳು. ಅಧಿಕಾರಿ ಗಡಿಯಾರ ನೋಡಿದ.

ಮೈಕು ಎದ್ದು ನಿಂತ. "ಸಾರ್, ಅಳತೆಯ ಅಂಕಿ ಕೊಟ್ಟಿದೀವಲ್ಲ, ಅದನ್ನ ನೋಡಿ!"

"ಅಂಕಿ ನೀವೂ ಕೊಟ್ಟಿದೀರಿ, ಅವರೂ ಕೊಟ್ಟಿದಾರೆ. ಅದಕ್ಕೇ ಅಲ್ವೇನ್ರೀ ನಾನು ಕಣ್ಣಾರೆ ನೋಡ್ಬೇಕು ಅಂದದ್ದು? ನೋಡಿದೆ. ಆ ಕುರ್ಚಿನೂ ನೋಡಿದೆ. ಸ್ವಲ್ಪ ಓರೆ ಹಿಡಿದ್ರೆ ಆರಾಮಾಗಿ ಹೋಗತ್ತೆ."

ಆದೇಶದಲ್ಲೂ ಅದೇ ಬಂತು. ಅರ್ಜಿದಾರರು ತಾವೇ ಸಲ್ಲಿಸಿದ ದೃಶ್ಯದಲ್ಲಿ ಓಡಾಟಕ್ಕೆ ಸಾಕಷ್ಟು ಅವಕಾಶ ಇರುವುದು ಕಂಡುಬಂದಿದೆ ಎಂದು.

ಮನೆಗೆ ಬಂದವಳು ಗೂಡಿನಿಂದ ಟೇಪು ತೆಗೆದು ಕನ್ನಡಿಯ ಮುಂದೆ ನಿಂತು ತನ್ನ ಎರಡು ಕಣ್ಣುಗಳ ನಡುವೆ ಹಿಡಿದಳು. ಆಮೇಲೆ ಕಚೇರಿಗೆ ಹೋಗಿ ಲೆನ್ಸುಗಳ ನಡುವೆ ಹಿಡಿದಳು. ತಿರುಗಿಸಿಡಲು ಮರೆತ ಸ್ಕ್ರೂ ಅವಳು ಬಿಗಿದಲ್ಲೇ ಇತ್ತು. ಕೋಟಿನ ಗುಂಡಿಯಷ್ಟು ಕಡಿಮೆ. ಗುಂಡಿ ಹೊಲಿದು ಬದುಕಿದವಳಿಗೆ ಆ ಅಳತೆಯನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ತೆಗೆದ ಚಿತ್ರವನ್ನು ಸರಿಮಾಡಲು ಬರುತ್ತದೆಯೇ ಎಂದು ಮಾಲೀಕನನ್ನು ಕೇಳಿದಳು.

"ತೆಗೆದಾದ ಮೇಲೆ ಆಗಲ್ಲಮ್ಮ. ಬಣ್ಣ ಸರಿಮಾಡಬಹುದು, ಅಂಚು ಸರಿಮಾಡಬಹುದು. ತೆಗೆದ ಕಣ್ಣನ್ನ ಹೇಗೆ ಸರಿಮಾಡೋದು?" ಎಂದ ಅವನು. ಆಮೇಲೆ ತಡೆಯಲಾರದೆ ನಕ್ಕ. "ನೋಡ್ದ್ಯಾ, ನಿಮ್ಮ ಗಲ್ಲೀನೂ ಮಾರಿಬಿಟ್ಯಲ್ಲ!" ನಗಬಾರದಿತ್ತು ಎಂದು ಹೊಳೆದ ಮೇಲೆ ಚಹಾ ತರಿಸಿಕೊಟ್ಟ. ಅವಳು ಕುಡಿದಳು. ಇನ್ನೇನು ಮಾಡುತ್ತಾಳೆ.

ಮೇಲಿನ ಕಚೇರಿಗೆ ಹೋದರು. ಅಲ್ಲಿಗೂ ಆ ವಕೀಲ ಬಂದ, ಅದೇ ವಿಡಿಯೊ ತಂದ. ಗಲ್ಲಿಯವರು ಇನ್ನೊಂದು ವಿಡಿಯೊ ತೆಗೆದು ತರುತ್ತೇವೆ ಎಂದರು. "ಮೊದಲನೇದು ಒಪ್ಪಿಗೆಯಾಗಲಿಲ್ಲ, ಅದಕ್ಕೆ ಈಗ ಬೇಕಾದ ಹಾಗೆ ಎರಡನೇದು ತರ್ತಾರಂತೆ ಸಾರ್" ಎಂದ ವಕೀಲ. ಅಲ್ಲಿ ಕೂತವರೆಲ್ಲ ನಕ್ಕರು. ತಾವು ಎತ್ತಿಕೊಟ್ಟ ಕಲ್ಲಿನಿಂದಲೇ ತಲೆ ಒಡೆಸಿಕೊಳ್ಳುವುದು ಚಳವಳಿಗಳಿಗೆ ಹೊಸದೇನಲ್ಲ. ಆದರೆ ಒಡೆದ ತಲೆಗೆ ಹಳೆಯದು ಹೊಸದು ಎಂದಿಲ್ಲ, ನೋಯುತ್ತದೆ.

ಗಲ್ಲಿಯಲ್ಲಿ ಮಾತು ತಿರುಗಿತು. ಗೋದಾಮಿನವರ ಜೊತೆ ಒಳಗೊಳಗೇ ಸೇರಿಕೊಂಡಳು ಎಂದರು ಕೆಲವರು. ಮಾಲೀಕ ಕ್ಯಾಮೆರಾ ಪುಕ್ಕಟೆ ಯಾಕೆ ಕೊಟ್ಟ ಎಂದು ಕೇಳಿದರು ಇನ್ನು ಕೆಲವರು. ಹರಿದ ಅಂಗಿ ಹಿಡಿದು ಬರುವವರು ನಿಂತರು. ಮೈಕು ಮಾತ್ರ ಬಂದು ಹೊಸ್ತಿಲಲ್ಲಿ ಕೂತ. ಅವನ ದನಿ ಅಷ್ಟು ಸಣ್ಣದಾದದ್ದನ್ನು ಯಾರೂ ಕೇಳಿರಲಿಲ್ಲ.

"ಟೇಪು ಹಿಡಿದಿದ್ರೆ ಆಗ್ತಿರಲಿಲ್ವಾ?"

"ಆಗ್ತಿತ್ತು" ಎಂದಳು.

"ಮತ್ತೆ ಯಾಕೆ ಹಿಡಿಯಲಿಲ್ಲ?"

"ಸೊಕ್ಕು."

ಒಳಗಿನಿಂದ ಅಕ್ಕ ಕೂಗಿದಳು: "ಬಿಡ್ರೋ ಅವಳನ್ನ. ನನಗೇ ಕಾಣ್ಲಿಲ್ಲವಾ? ಆ ಗೋಡೆಗೆ ಕೈ ಉಜ್ಜಿಸ್ಕೊಂಡೋಳು ನಾನು, ನಾನೇ ಚೆಂದ ಅಂದೆ."

ಇಸ್ತ್ರಿಯವನು ಜಗಳವಾಡಲಿಲ್ಲ. ಆದರೆ ಅವನ ಭುಜ ಕೊನೆಗೂ ಬಿದ್ದುಹೋಯಿತು. ಇಸ್ತ್ರಿಪೆಟ್ಟಿಗೆ ಎತ್ತಲೂ ಆಗದೆ ಅಂಗಡಿ ಮುಚ್ಚಿ ಭಾವಮೈದುನನ ಜೊತೆ ಬೇರೆ ಕಡೆ ಹೊರಟ. ಹೊರಡುವ ದಿನ ಬಂದು ಅಕ್ಕನ ಮುಂದೆ ತಲೆ ತಗ್ಗಿಸಿ ನಿಂತ.

"ನಿನ್ನ ಹೊಟ್ಟೆ ಇಳಿಸ್ಕೋ ಅಂದೆ, ನೀನು ಭುಜ ಇಳಿಸ್ಕೊಂಡ್ಯಲ್ಲೋ" ಎಂದಳು ಅಕ್ಕ.

ಅವನು ನಗಲು ಹೋಗಿ ಕಣ್ಣೊರೆಸಿಕೊಂಡು ಹೋದ.

ಆಮೇಲೆ ಹೊರುವವರಿಗೆ ಪರದಾಟ. ಒಂದು ದಿನ ಸಿಕ್ಕರೆ ಇನ್ನೊಂದು ದಿನ ಇಲ್ಲ. ಮೊದಲಾಗಿದ್ದರೆ ಯಾರಾದರೂ ಬರುತ್ತಿದ್ದರು, ಈಗ ಟೇಲರಮ್ಮ ಬಾಗಿಲು ತಟ್ಟಿದರೆ ಒಳಗೆ ಟಿವಿಯ ಸದ್ದು ಏರುತ್ತಿತ್ತು. ಅವಳೇ ಹಿಂದೆ ಹಿಡಿದು, ಮೈಕು ಮುಂದೆ ಹಿಡಿದು ಕೆಲವು ಸಲ ಸಾಗಿಸಿದರು. ಮೈಕು ಘೋಷಣೆ ಕೂಗುವುದರಲ್ಲಿ ಗಟ್ಟಿ, ಕುರ್ಚಿ ಹೊರುವುದರಲ್ಲಿ ಅಲ್ಲ. ತಿರುವಿನಲ್ಲಿ ಒಮ್ಮೆ ಕೈಬಿಟ್ಟ. ಅಕ್ಕ ಗೋಡೆಗೂ ಮನೆಗೂ ನಡುವೆ ಸಿಕ್ಕಿಕೊಂಡಳು, ಬೀಳಲೂ ಜಾಗವಿರಲಿಲ್ಲ. "ಇಕ್ಕಟ್ಟಾಗಿರೋದು ಒಳ್ಳೇದೇ ಆಯ್ತು ನೋಡು" ಎಂದು ಅಲ್ಲೂ ನಕ್ಕಳು. ಮನೆಗೆ ಬಂದ ಮೇಲೆ ಹೇಳಿದಳು: "ಇನ್ನು ನಾನು ಹೋಗಲ್ಲ ಕಣೇ."

"ಹೋಗದಿದ್ರೆ ಏನಾಗತ್ತೆ ಗೊತ್ತಲ್ಲ?"

"ಗೊತ್ತು. ಅದಕ್ಕೇ ಹೇಳ್ತಿರೋದು."

ಟೇಲರಮ್ಮ ಬೈದಳು, ಅತ್ತಳು, ಕುರ್ಚಿಯನ್ನು ಎಳೆದು ಮಂಚದ ಪಕ್ಕ ಇಟ್ಟಳು. ಅಕ್ಕ ಕಾಲುಚೀಲಗಳನ್ನು ಕೈಯಿಂದ ಕಳಚಿ ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಊತ ಹೊಟ್ಟೆಗೇರಿತು, ಎದೆಗೇರಿತು. ಉಸಿರು ನಿಂತಾಗ ಟೇಲರಮ್ಮ ಒಲೆಯ ಮುಂದೆ ಇದ್ದಳು. ನೀರು ಕುದಿಯುವ ಸದ್ದು ನಿಂತಾಗಲೇ ಆ ಇನ್ನೊಂದು ಸದ್ದೂ ನಿಂತದ್ದು ಅವಳಿಗೆ ತಿಳಿದದ್ದು.

ಸಾಗಿಸಲು ಬಂದವರು ಸ್ಟ್ರೆಚರ್ ತಂದರು. ತಿರುವಿನಲ್ಲಿ ಅದು ಮೊದಲಿನ ಹಾಗೆಯೇ ತಿರುಗಲಿಲ್ಲ. ಬದುಕಿದ್ದವರಿಗೆ ತಿರುಗದ್ದು ಸತ್ತವರಿಗೆ ಯಾಕೆ ತಿರುಗುತ್ತದೆ. ಕೊನೆಗೆ ಅದೇ ಕುರ್ಚಿಯಲ್ಲಿ ಕೂರಿಸಿದರು. ತಲೆ ಮುಂದಕ್ಕೆ ಬಾಗುತ್ತಿತ್ತು, ದುಪ್ಪಟಿ ಹರಿದು ಎದೆಗೂ ಹಣೆಗೂ ಕಟ್ಟಿದರು. ಗಲ್ಲಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಕುರ್ಚಿ ಓರೆಯಾದಾಗ ಅಕ್ಕನ ಕೈ ಸಿಮೆಂಟಿಗೆ ಉಜ್ಜಿತು. ಚರ್ಮ ಎದ್ದಿತು, ರಕ್ತ ಬರಲಿಲ್ಲ. ಹಿಂದೆ ಬರುತ್ತಿದ್ದ ಟೇಲರಮ್ಮನಿಗೆ ಆಗ ಕಾಲುಚೀಲ ನೆನಪಾಯಿತು. ದಿಂಬಿನ ಕೆಳಗೇ ಉಳಿದಿತ್ತು.

ಕೆಲಸ ಅವಳು ಬಿಡಲಿಲ್ಲ. ಬಿಟ್ಟು ಎಲ್ಲಿಗೆ ಹೋಗುವುದು. ಈಗ ಇಲಿಕಣ್ಣಿಗೂ ಪ್ರತಿ ಸಲ ಟೇಪು ಹಿಡಿದೇ ಲೆನ್ಸು ಹೊಂದಿಸುತ್ತಾಳೆ, ಕಣ್ಣನ್ನು ನಂಬುವುದಿಲ್ಲ. ಮನೆಗಳು ಮೊದಲಿಗಿಂತ ದೊಡ್ಡದಾಗಿ ಕಾಣುತ್ತವೆ ಎಂದು ಮಾಲೀಕನಿಗೆ ಖುಷಿ. ಗಲ್ಲಿಯ ಚಿತ್ರ ಕಂಪ್ಯೂಟರಿನಲ್ಲೇ ಇದೆ. ಅದರಲ್ಲಿ ಅಕ್ಕ ಇಸ್ತ್ರಿಯವನ ನೆತ್ತಿಗೆ ಮೊಟಕುತ್ತ ಅಗಲವಾದ ದಾರಿಯಲ್ಲಿ ಸಾಗಿ ಹೋಗುತ್ತಾಳೆ. ಟೇಲರಮ್ಮ ಅದನ್ನು ತೆರೆಯುವುದಿಲ್ಲ.

ಮೊನ್ನೆ ಮೈಕು ಬಂದಿದ್ದ. ಹಳೇ ಅಧಿಕಾರಿಗೆ ವರ್ಗವಾಗಿದೆ, ಹೊಸಬ ಬಂದಿದ್ದಾನೆ, ಮತ್ತೆ ಅರ್ಜಿ ಹಾಕೋಣ ಎಂದ. ದನಿಗೆ ಸ್ವಲ್ಪ ಜೀವ ಬಂದಿತ್ತು.

"ಈ ಸಲ ಟೇಪು ಹಿಡಿದು, ಸರಿಯಾಗಿ ಕಣ್ಣಿನ ಅಳತೆಗೆ ಇಟ್ಟು ತೆಗಿ. ಕುರ್ಚಿ ಹೋಗೋದನ್ನೇ ಮತ್ತೆ ತೆಗೆಯೋಣ. ಉಸಿರು ಕಟ್ಟಬೇಕು ಅವನಿಗೆ."

ಟೇಲರಮ್ಮ ಮೂಲೆಯ ಕಡೆ ನೋಡಿದಳು. ಕುರ್ಚಿ ಅಲ್ಲೇ ಇತ್ತು, ಅದರ ಮೇಲೆ ಒಗೆದ ಬಟ್ಟೆಯ ರಾಶಿ.

"ಯಾರನ್ನ ಕೂರಿಸ್ತೀಯ?" ಎಂದಳು.

ಮೈಕು ಎದ್ದು, ಅಡ್ಡಡ್ಡ ನಡೆಯುತ್ತ, ಗೋಡೆಗೆ ಅಂಗಿ ತಾಗದ ಹಾಗೆ ಹಿಡಿದುಕೊಂಡು ಹೊರಟುಹೋದ.